ಕಲ್ಲಿನ ರಂಧ್ರವೂ ಕೀರ್ತಿಯ ವ್ಯಾಜ್ಯವೂ

ಇಬ್ಬರು ನೆರೆಯ ರೈತರು ಒಂದೇ ಕಾಲುವೆಯ ನೀರನ್ನು ಹಾಯಿಸಿ ತಂತಮ್ಮ ಗದ್ದೆಗಳಲ್ಲಿ ಬೆಳೆ ತೆಗೆದರೆ, ಒಬ್ಬನ ಬತ್ತವನ್ನು ನೋಡಿ ಮತ್ತೊಬ್ಬನ ಬತ್ತವು ಹುಟ್ಟಿತೆಂದು ಯಾರೂ ಹೇಳುವುದಿಲ್ಲ. ಕಲೆಯ ವಿಷಯಕ್ಕೆ ಬಂದೊಡನೆ ಮಾತ್ರ ಪಂಡಿತರೆನಿಸಿಕೊಂಡವರೂ ಇಂತಹ ಮಾತನ್ನಾಡಲು ಹಿಂಜರಿಯುವುದಿಲ್ಲ. ಇಂಗ್ಲೆಂಡಿನ ಆಧುನಿಕ ಶಿಲ್ಪಿಗಳಲ್ಲಿ ಅಗ್ರಗಣ್ಯರಾದ ಹೆನ್ರಿ ಮೂರ್ (1898–1986) ಮತ್ತು ಬಾರ್ಬರಾ ಹೆಪ್‌ವರ್ತ್ (1903–1975) ಇವರಿಬ್ಬರನ್ನು ಕುರಿತು ಬಹುಕಾಲದಿಂದ ನಡೆದುಬಂದಿರುವ ವಾದವು ಇದಕ್ಕೆ ನಿದರ್ಶನ.

ಈ ವಾದದಲ್ಲಿ ಎರಡು ಪಕ್ಷಗಳುಂಟು. ಮೊದಲನೆಯದು ಹಳೆಯದು, ಅದನ್ನು ಹಿಡಿದವರು ಬಹುಮಂದಿ. ಅವರ ಮತದಲ್ಲಿ ಮೂರ್‌ನು ಮಾರ್ಗವನ್ನು ಹಾಕಿದವನು, ಹೆಪ್‌ವರ್ತಳು ಆ ಮಾರ್ಗದಲ್ಲಿ ನಡೆದವಳು. ಆತನು ಸೂರ್ಯ, ಆಕೆಯು ಆತನ ಬೆಳಕಿನಿಂದ ಬೆಳಗಿದ ಚಂದ್ರಿಕೆ. ಎರಡನೆಯ ಪಕ್ಷವು ಇತ್ತೀಚಿನದು. ಇದನ್ನು ಹಿಡಿದವರು, ಶಿಲೆಯ ನಡುವೆ ರಂಧ್ರವನ್ನು ಕೊರೆದು ಅದನ್ನೇ ಶಿಲ್ಪದ ಜೀವವನ್ನಾಗಿ ಮಾಡಿದ ಕೀರ್ತಿಯು ಹೆಪ್‌ವರ್ತಳದೆಂದೂ, ಮೂರ್‌ನು ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಲೋಕವಿಖ್ಯಾತನಾದನೆಂದೂ ಹೇಳುತ್ತಾರೆ. ಒಂದು ಪಕ್ಷವು ಆಕೆಯನ್ನು ನೆರಳಾಗಿಸುತ್ತದೆ. ಇನ್ನೊಂದು ಆತನನ್ನು ಕಳ್ಳನಾಗಿಸುತ್ತದೆ. ಪರಸ್ಪರ ಕಾದಾಡುವ ಈ ಎರಡು ಪಕ್ಷಗಳೂ ನಿಂತಿರುವ ನೆಲ ಮಾತ್ರ ಒಂದೇ. ಹೋಲಿಕೆ ಇದ್ದಲ್ಲಿ ಋಣವಿರಲೇಬೇಕು, ಋಣವಿದ್ದಲ್ಲಿ ಒಬ್ಬರು ಮೇಲು ಇನ್ನೊಬ್ಬರು ಕೀಳಾಗಲೇಬೇಕು ಎಂಬುದೇ ಆ ನೆಲ. ಅದು ಗಟ್ಟಿಯಾದುದೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.

ಮೊದಲನೆಯ ಪಕ್ಷದವರ ಹೇತುಗಳಾವುವು? ಮೂರ್‌ನು ವಯಸ್ಸಿನಲ್ಲಿ ಐದು ವರ್ಷ ಹಿರಿಯನು. ಕೀರ್ತಿಯು ಆತನಿಗೆ ಮೊದಲು ಒಲಿಯಿತು. ಇಬ್ಬರ ಕೃತಿಗಳಲ್ಲಿಯೂ ಸಾಮ್ಯವುಂಟು. ಆದುದರಿಂದ ಕಿರಿಯಳು ಹಿರಿಯನಿಂದ ಕಲಿತಳು. ಈ ಅನುಮಾನದಲ್ಲಿ ಹೇತುವಿಗೂ ಸಾಧ್ಯಕ್ಕೂ ವ್ಯಾಪ್ತಿಯೇ ಇಲ್ಲ. ಮೂರ್‌ನು ಯಾರ್ಕ್‌ಷೈರ್ ಪ್ರಾಂತದ ಕ್ಯಾಸಲ್‌ಫರ್ಡಿನಲ್ಲಿ ಕಲ್ಲಿದ್ದಲ ಗಣಿಯ ಕೆಲಸಗಾರನೊಬ್ಬನ ಮಗನಾಗಿ ಹುಟ್ಟಿದನು. ಹೆಪ್‌ವರ್ತಳು ಅಲ್ಲಿಂದ ಹತ್ತು ಮೈಲಿಯೊಳಗಿನ ವೇಕ್‌ಫೀಲ್ಡಿನಲ್ಲಿ, ಆ ಪ್ರಾಂತದ ರಸ್ತೆ ಸೇತುವೆಗಳ ಮೇಲ್ವಿಚಾರಣೆಯನ್ನು ನೋಡುತ್ತಿದ್ದ ಇಂಜಿನಿಯರೊಬ್ಬನ ಮಗಳಾಗಿ ಹುಟ್ಟಿದಳು. ಮಹಾಯುದ್ಧವು ಬಾರದೆ ಇದ್ದಿದ್ದರೆ ಆತನ ವಿದ್ಯಾಭ್ಯಾಸವು ಆಕೆಗಿಂತ ಎಷ್ಟೋ ಮುಂಚೆ ಮುಗಿದುಹೋಗುತ್ತಿತ್ತು. ಆತನು ಸೈನ್ಯಕ್ಕೆ ಸೇರಿ 1917ರಲ್ಲಿ ಕಾಂಬ್ರೇ ಯುದ್ಧದಲ್ಲಿ ವಿಷವಾಯುವಿನಿಂದ ನೊಂದು ಹಿಂದಿರುಗಿ, 1919ರಲ್ಲಿ ಲೀಡ್ಸ್ ನಗರದ ಕಲಾಶಾಲೆಯನ್ನು ಸೇರಿದನು. ಆಕೆಯು 1920ರಲ್ಲಿ ಅದೇ ಶಾಲೆಗೆ ಬಂದಳು. 1921ರಲ್ಲಿ ಇಬ್ಬರೂ ಒಂದೇ ವರ್ಷ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಎಂಬ ವಿದ್ಯಾಲಯವನ್ನು ಪ್ರವೇಶಿಸಿದರು. ಹೀಗಿರುವಾಗ ಅವರನ್ನು ಸಹಪಾಠಿಗಳೆನ್ನುವುದು ನ್ಯಾಯವೋ, ಗುರುಶಿಷ್ಯರೆನ್ನುವುದು ನ್ಯಾಯವೋ?

ಇಬ್ಬರೂ ಕುಡಿದ ನೀರಿನ ಮೂಲಗಳನ್ನೂ ನೋಡಿರಿ. ಆ ಕಾಲದ ಶಾಲೆಗಳಲ್ಲಿ ಶಿಲ್ಪಿಯೆಂದರೆ ಜೇಡಿಮಣ್ಣಿನಲ್ಲಿ ಮಾದರಿಯನ್ನು ಮೆತ್ತಿ ಮಾಡುವವನು. ಅದನ್ನು ಕಲ್ಲಿಗೆ ಇಳಿಸುವುದು ಕೂಲಿಯ ಕೆಲಸಗಾರನ ಪಾಲು. ಈ ಪದ್ಧತಿಯನ್ನು ಧಿಕ್ಕರಿಸಿ, ಶಿಲ್ಪಿಯು ತಾನೇ ಉಳಿಯನ್ನು ಹಿಡಿದು ಕಲ್ಲಿನೊಡನೆ ನೇರವಾಗಿ ವ್ಯವಹರಿಸಬೇಕು, ಕಲ್ಲಿನ ಸ್ವಭಾವವನ್ನು ಅನುಸರಿಸಿಯೇ ರೂಪವನ್ನು ಬಿಡಿಸಬೇಕು ಎಂಬ ಮತವನ್ನು ಇವರಿಗಿಂತ ಹಿರಿಯರಾದ ಜೇಕಬ್ ಎಪ್‌ಸ್ಟೈನ್, ಎರಿಕ್ ಗಿಲ್, ಯುದ್ಧದಲ್ಲಿ ಎಳೆಯ ವಯಸ್ಸಿನಲ್ಲಿಯೇ ಮಡಿದ ಗೋಡಿಯೇ ಬ್ರೆಸ್ಕಾ, ಪ್ಯಾರಿಸ್ಸಿನಲ್ಲಿ ನೆಲಸಿದ್ದ ಬ್ರಾಂಕುಶಿ ಮುಂತಾದವರು ಆಗಲೇ ಬಿತ್ತಿದ್ದರು. ಇವರಲ್ಲಿ ಗಿಲ್‌ನು ಆನಂದ ಕುಮಾರಸ್ವಾಮಿಯವರ ‘ವಿಶ್ವಕರ್ಮ’ ಎಂಬ ಭಾರತೀಯ ಶಿಲ್ಪಸಂಗ್ರಹಕ್ಕೆ 1914ರಲ್ಲಿ ಮುನ್ನುಡಿಯನ್ನು ಬರೆದವನು. ಮೂರ್ ಮತ್ತು ಹೆಪ್‌ವರ್ತರ ಕಾಲೇಜಿನ ಪ್ರಿನ್ಸಿಪಾಲನಾಗಿದ್ದ ವಿಲಿಯಂ ರೋಥೆನ್‌ಸ್ಟೈನನು 1910ರಲ್ಲಿ ಭಾರತೀಯ ಕಲೆಗಳ ಗೌರವಕ್ಕಾಗಿ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದವರಲ್ಲಿ ಒಬ್ಬನು. ರವೀಂದ್ರನಾಥ ಠಾಕೂರರು ಇಂಗ್ಲಿಷ್ ಗೀತಾಂಜಲಿಯನ್ನು ಅರ್ಪಿಸಿರುವುದು ಈತನಿಗೇ. ಗ್ರೀಕರ ಪ್ರತಿಮೆಗಳೊಂದೇ ಪ್ರಮಾಣವಲ್ಲವೆಂಬ ಗಾಳಿಯು ಆಗ ಬೀಸತೊಡಗಿತ್ತು. ಆ ಗಾಳಿಯನ್ನು ಉಸಿರಾಡಿದವರು ಇವರಿಬ್ಬರೂ.

ಇಬ್ಬರೂ ಅದೇ ದಶಕದಲ್ಲಿ ಪ್ರವಾಸವೇತನವನ್ನು ಪಡೆದು ಇಟಲಿಯನ್ನು ಕಂಡರು. ಹೆಪ್‌ವರ್ತಳು ರೋಮಿನಲ್ಲಿ ಅರ್ದೀನಿ ಎಂಬ ಕಸಬುದಾರನಿಂದ ಅಮೃತಶಿಲೆಯ ಕೆತ್ತನೆಯನ್ನು ಅಭ್ಯಾಸಮಾಡಿದಳು. ಮೂರ್‌ನಾದರೋ ಬ್ರಿಟಿಷ್ ಮ್ಯೂಸಿಯಂ ಮೊದಲಾದ ಸಂಗ್ರಹಾಲಯಗಳಲ್ಲಿ ಮೆಕ್ಸಿಕೋ, ಆಫ್ರಿಕಾ ದೇಶಗಳ ಪ್ರಾಚೀನ ಶಿಲ್ಪಗಳ ಮುಂದೆ ನಿಂತು ಕಲಿತನು; ಮೆಕ್ಸಿಕೋದ ‘ಚಾಕ್‌ಮೂಲ್’ ಎಂಬ ಒರಗಿದ ಕಲ್ಲಿನ ಮೂರ್ತಿಯು 1929ರಲ್ಲಿ ಆತನು ಕೆತ್ತಿದ ಒರಗಿದ ಸ್ತ್ರೀಯಲ್ಲಿ ಹೊಸ ಜನ್ಮವನ್ನು ತಾಳಿತು. ಆಮೇಲೆ ಇಬ್ಬರೂ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಪ್ರದೇಶದಲ್ಲಿ ಕೂಗಿದರೆ ಕೇಳುವಷ್ಟು ಸಮೀಪದಲ್ಲಿ ವಾಸಮಾಡಿದರು. 1930ರ ಬೇಸಗೆಯಲ್ಲಿ ನಾರ್ಫೋಕ್ ಪ್ರಾಂತದ ಕಡಲ ದಡದಲ್ಲಿ ಒಂದೇ ಮರಳ ಮೇಲೆ ಕಲ್ಲುಗಳನ್ನು ಆಯ್ದು ತಂದು ಕೆತ್ತಿದರು. ಇಷ್ಟೆಲ್ಲ ಸಮಾನವಾಗಿರುವಾಗ ಕೃತಿಗಳಲ್ಲಿ ಸಾಮ್ಯವು ಕಂಡರೆ ಆಶ್ಚರ್ಯವೇನು? ಸಾಮ್ಯವು ಕಾಣದಿದ್ದರೆ ಅದೇ ಆಶ್ಚರ್ಯ.

ಇನ್ನು ಎರಡನೆಯ ಪಕ್ಷ. ಹೆಪ್‌ವರ್ತಳು 1932ರಲ್ಲಿ ನಸುಗೆಂಪಾದ ಆಲಬಾಸ್ಟರ್ ಎಂಬ ಮೃದುಶಿಲೆಯನ್ನು ಕೆತ್ತಿ, ಅದರ ನಡುವೆ ಆರ್‌ಪಾರಾಗಿ ರಂಧ್ರವನ್ನು ಕೊರೆದಳು. ಕೆಲವು ಪುಸ್ತಕಗಳು ಇದನ್ನು 1931ರ ಕೃತಿಯೆನ್ನುತ್ತವೆ. ಆ ಶಿಲ್ಪವು ಎರಡನೆಯ ಮಹಾಯುದ್ಧದಲ್ಲಿ ನಾಶವಾಗಿ, ಈಗ ಅದರ ಛಾಯಾಚಿತ್ರವು ಮಾತ್ರ ಉಳಿದಿದೆ. ಮೂರ್‌ನ ಶಿಲ್ಪಗಳಲ್ಲಿ ಇಂತಹ ರಂಧ್ರಗಳು ಅದೇ ಸಮಯದಿಂದ ಮುಂದೆ ಹೆಚ್ಚು ಹೆಚ್ಚಾಗಿ ಕಾಣಬರುತ್ತವೆ. ಆದುದರಿಂದ ಮೊದಲನೆಯ ಪಕ್ಷದವರು ಆಕೆಯನ್ನು ಹಿಂಬಾಲಕಿಯೆಂದುದು ಈ ಒಂದು ವಿಷಯದಲ್ಲಿಯಾದರೂ ಕಾಲಗಣನೆಗೆ ವಿರುದ್ಧ. ಇಷ್ಟನ್ನು ಒಪ್ಪತಕ್ಕದ್ದೇ ಸರಿ, ಒಪ್ಪದವರು ಪಕ್ಷಪಾತಿಗಳು.

ಇಷ್ಟರಿಂದಲೇ ಮೂರ್‌ನು ಕಳ್ಳನಾಗುವನೆ? ರಷ್ಯಾ ಸಾಮ್ರಾಜ್ಯದ ಕೀವ್ ನಗರದಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಬಂದು ನೆಲಸಿದ ಆರ್ಕಿಪೆಂಕೋ ಎಂಬ ಶಿಲ್ಪಿಯು ಇದಕ್ಕೆ ಇಪ್ಪತ್ತು ವರ್ಷಗಳ ಹಿಂದೆ, 1912ರ ಸುಮಾರಿನಲ್ಲಿಯೇ, ಮನುಷ್ಯಾಕೃತಿಯಲ್ಲಿ ಮಾಂಸವಿರಬೇಕಾದಲ್ಲಿ ಬಯಲನ್ನು ಇಟ್ಟು ತೋರಿಸಿದ್ದನು. ಮೊದಲು ಕೊರೆದವರಿಗೇ ಸ್ವತ್ತೆಂಬ ನ್ಯಾಯವನ್ನು ಹಿಡಿದರೆ ಆ ರಂಧ್ರವು ಹೆಪ್‌ವರ್ತಳಿಗೂ ಸೇರುವುದಿಲ್ಲ. ಆಕೆಯ ಪರವಾಗಿ ವಾದಿಸಹೊರಟವರು ತಮ್ಮ ವಾದದಿಂದಲೇ ಆಕೆಯ ಕೈಯಲ್ಲಿದ್ದುದನ್ನೂ ಕಿತ್ತುಕೊಂಡಂತಾಯಿತು.

ಈ ನ್ಯಾಯವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಯಿಸಿದರೆ ಅದರ ಅಸಾಂಗತ್ಯವು ಬಯಲಾಗುತ್ತದೆ. ಮೂರ್‌ನು 1937ರಿಂದ ಶಿಲ್ಪಗಳ ಪೊಳ್ಳಿನಲ್ಲಿ ತಂತುಗಳನ್ನು ಬಿಗಿಯಲಾರಂಭಿಸಿದನು. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ರೇಖಾಗಣಿತವನ್ನು ತಿಳಿಯಪಡಿಸಲು ದಾರಗಳಿಂದ ಕಟ್ಟಿದ್ದ ಮಾದರಿಗಳೇ ಆತನಿಗೆ ಪ್ರೇರಣೆ. ಹೆಪ್‌ವರ್ತಳ ಶಿಲ್ಪಗಳಲ್ಲಿ ತಂತುಗಳು ತೋರಿಬಂದುದು 1939ರ ಹೊತ್ತಿಗೆ. ರಂಧ್ರಕ್ಕಾಗಿ ಆತನು ಅಪರಾಧಿಯಾದರೆ ತಂತುವಿಗಾಗಿ ಆಕೆಯೂ ಅಪರಾಧಿಯೇ ಆಗಬೇಕಷ್ಟೆ? ಹೀಗೆ ಒಬ್ಬರ ಮನೆಯ ಪಾತ್ರೆಗಳನ್ನು ಇನ್ನೊಬ್ಬರ ಮನೆಯಲ್ಲಿ ಎಣಿಸುತ್ತ ಹೋದರೆ ಕೊನೆಗೆ ಇಬ್ಬರೂ ಕಳ್ಳರೆಂಬ ನಿರ್ಣಯವೇ ಉಳಿಯುವುದು. ಇಂತಹ ಕೊನೆಯನ್ನು ಮುಟ್ಟಿಸುವ ದಾರಿಯು ಮೊದಲಿನಿಂದಲೇ ತಪ್ಪಿತ್ತೆಂದು ತಿಳಿಯಬೇಕು.

ಹಾಗಾದರೆ ಹೋಲಿಕೆಯನ್ನು ಅಳೆಯುವ ಸರಿಯಾದ ಮಾನವಾವುದು? ಈ ಪ್ರಶ್ನೆಯು ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನಾಚಾರ್ಯನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಗಳ ವಿಷಯವಾಗಿ ಇದನ್ನೇ ವಿಚಾರಿಸಿದ್ದಾನೆ. ಒಬ್ಬ ಕವಿಯ ಮಾತು ಇನ್ನೊಬ್ಬನ ಮಾತನ್ನು ಹೋಲುವುದಕ್ಕೆ ಆತನಿಟ್ಟ ಹೆಸರು ‘ಸಂವಾದ’. ಅದು ಮೂರು ಬಗೆ. ಕನ್ನಡಿಯೊಳಗಿನ ಪ್ರತಿಬಿಂಬದಂತಹ ಹೋಲಿಕೆಯೊಂದು. ಇದಕ್ಕೆ ಬಿಂಬದಿಂದ ಬೇರೆಯಾದ ಜೀವವೇ ಇಲ್ಲ. ಚಿತ್ರದಲ್ಲಿ ಬರೆದ ಆಕಾರದಂತಹ ಹೋಲಿಕೆ ಎರಡನೆಯದು. ಇದಕ್ಕೆ ಜೀವವಿದ್ದರೂ ಅದು ಅತ್ಯಲ್ಪ. ಇಬ್ಬರು ದೇಹಧಾರಿಗಳಿಗೆ ಪರಸ್ಪರ ಇರುವಂತಹ ಹೋಲಿಕೆ ಮೂರನೆಯದು. ಮೊದಲೆರಡನ್ನು ಕವಿಯು ಬಿಡತಕ್ಕದ್ದು; ಮೂರನೆಯದನ್ನು ಬಿಡಬೇಕಾದ ಕಾರಣವಿಲ್ಲ. ಕಣ್ಣು, ಮೂಗು, ನಿಲುವು ಹೋಲಿದ ಮಾತ್ರಕ್ಕೆ ಅವಳಿಮಕ್ಕಳಿಬ್ಬರಲ್ಲಿ ಒಬ್ಬನು ಇನ್ನೊಬ್ಬನ ನಕಲಾಗುವುದಿಲ್ಲ. ಇಬ್ಬರಲ್ಲಿಯೂ ಬೇರೆಬೇರೆ ಪ್ರಾಣವು ಮಿಡಿಯುತ್ತಿದೆ. ಆದುದರಿಂದ ಕೇಳತಕ್ಕ ಪ್ರಶ್ನೆಯು ಯಾರು ಮೊದಲು ಎಂಬುದಲ್ಲ. ಎರಡರಲ್ಲಿಯೂ ಪ್ರಾಣವುಂಟೆ, ಅದು ಒಂದೆಯೋ ಬೇರೆಯೋ ಎಂಬುದು.

ಈ ಮಾನವನ್ನು ಹಿಡಿದು ಆ ರಂಧ್ರವನ್ನೇ ಮತ್ತೆ ನೋಡಿರಿ. ಮೂರ್‌ನ ರಂಧ್ರವು ದೇಹದ ಗುಹೆ. ಒರಗಿದ ಸ್ತ್ರೀಯ ಎದೆಯೂ ಮೊಣಕಾಲೂ ಬೆಟ್ಟಗಳಾಗಿ ಏಳುತ್ತವೆ. ನಡುವಣ ತೆರಪು ಕಣಿವೆಯಾಗುತ್ತದೆ. ನೋಡುವವನು ಆಕೆಯನ್ನು ಒಂದು ಸೀಮೆಯಂತೆ ಸುತ್ತಿ ಬರಬೇಕಾಗುತ್ತದೆ. ಹೆಪ್‌ವರ್ತಳ ರಂಧ್ರವು ಬೆಳಕು ಹಾಯುವ ದಾರಿ. ಆಕೆಯು 1946ರಲ್ಲಿ ಮರದಲ್ಲಿ ಕಡೆದ ‘ಪೆಲಗಾಸ್’ ಎಂಬ ಕೃತಿಯನ್ನು ತೆಗೆದುಕೊಂಡರೆ, ಹೊರಮೈ ಮರದ ಬಣ್ಣ, ಒಳಗಣ ಪೊಳ್ಳಿಗೆ ತಿಳಿಬಣ್ಣದ ಲೇಪ, ಪೊಳ್ಳಿನ ಅಂಚಿನಿಂದ ಅಂಚಿಗೆ ಬಿಗಿದ ತಂತುಗಳು. ಆ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಕಡಲೆಂದು ಅರ್ಥ. ಆಕೆಯ ಕಿಟಕಿಯ ಮುಂದೆ ಇದ್ದುದು ಕಾರ್ನ್‌ವಾಲ್ ತೀರದ ಸೇಂಟ್ ಐವ್ಸ್ ಕೊಲ್ಲಿ. ಎರಡು ತೋಳುಗಳಂತೆ ನೆಲವು ಕಡಲನ್ನು ಬಳಸಿಕೊಂಡ ಆ ನೋಟವು ಇಲ್ಲಿ ಸುರುಳಿಯಾಗಿ ಮರದಲ್ಲಿ ನಿಂತಿದೆ. ಮೂರ್‌ನಲ್ಲಿ ಮನುಷ್ಯದೇಹವು ಭೂಮಿಯಾಗುತ್ತದೆ. ಹೆಪ್‌ವರ್ತಳಲ್ಲಿ ಭೂಮಿಯ ಮುಂದೆ ನಿಂತ ಮನುಷ್ಯನ ಅನುಭವವು ಆಕಾರವನ್ನು ಪಡೆಯುತ್ತದೆ. ಉಪಕರಣವೊಂದೇ, ವಿನಿಯೋಗವು ಬೇರೆ.

ಯುದ್ಧಕಾಲದ ಮತ್ತು ಅದರ ಆಚೆಯ ಚಿತ್ರಗಳನ್ನು ಒತ್ತಟ್ಟಿಗೆ ಇಟ್ಟರೂ ಇದೇ ತೋರುತ್ತದೆ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಸಾವಿರಾರು ಜನರು ನೆಲದಡಿಯ ರೈಲು ನಿಲ್ದಾಣಗಳಲ್ಲಿ ರಾತ್ರಿಯನ್ನು ಕಳೆದರು. ಅವರು ಕಂಬಳಿ ಹೊದ್ದು ಸಾಲಾಗಿ ಮಲಗಿದ್ದುದನ್ನು ಮೂರ್‌ನು ಬರೆದ ಚಿತ್ರಗಳು ಆ ದೇಶದ ಸ್ಮೃತಿಯಲ್ಲಿ ಸೇರಿಹೋದುವು. ಹೆಪ್‌ವರ್ತಳು 1947ರಿಂದ 1949ರವರೆಗೆ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ಕೊಠಡಿಗಳಲ್ಲಿ ನಿಂತು ವೈದ್ಯರನ್ನು ಚಿತ್ರಿಸಿದಳು. ಮುಖವಸ್ತ್ರದ ಮೇಲೆ ಕಣ್ಣುಗಳು, ಬೆಳಕಿನ ಕೆಳಗೆ ಕೈಗಳು. ಆತನ ಚಿತ್ರದಲ್ಲಿ ಜನರು ನಿದ್ರಿಸುತ್ತಾರೆ. ಆಕೆಯ ಚಿತ್ರದಲ್ಲಿ ಒಬ್ಬನ ಪ್ರಾಣಕ್ಕಾಗಿ ಹಲವರು ಎಚ್ಚತ್ತಿದ್ದಾರೆ. ಇವೆರಡರಲ್ಲಿ ಯಾವುದು ಯಾವುದರ ಪ್ರತಿಬಿಂಬ?

ಹೀಗಿದ್ದರೂ ಲೋಕವು ಆಕೆಗೆ ಮಾಡಿದುದೇನು? 1948ರಲ್ಲಿ ವೆನಿಸ್ ನಗರದ ಅಂತಾರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಶಿಲ್ಪಕ್ಕೆ ಮೀಸಲಾದ ಬಹುಮಾನವು ಮೂರ್‌ನಿಗೆ ಬಂದಿತು. ಎರಡು ವರ್ಷಗಳ ತರುವಾಯ, 1950ರಲ್ಲಿ, ಅದೇ ಮಂಟಪದಲ್ಲಿ ಬ್ರಿಟನ್ನಿನ ಪರವಾಗಿ ಹೆಪ್‌ವರ್ತಳ ಶಿಲ್ಪಗಳನ್ನು ಇರಿಸಿದಾಗ, ನೋಡಿದ ವಿಮರ್ಶಕರಲ್ಲಿ ಹಲವರಿಗೆ ಮೂರ್‌ನ ಪ್ರತಿಧ್ವನಿಯೇ ಕೇಳಿಸಿತು. ಕಣ್ಣಿನಿಂದ ನೋಡಬೇಕಾದುದನ್ನು ನೆನಪಿನಿಂದ ನೋಡಿದುದರ ಫಲವಿದು. ಎರಡು ವರ್ಷ ಮುಂಚೆ ಬಂದವನು ಮೂಲವಾದನು. ಆಮೇಲೆ ಬಂದವಳು ಪ್ರತಿಯಾದಳು. ಸರದಿಯನ್ನು ತಿರುಗಿಸಿದ್ದರೆ ಇದೇ ವಿಮರ್ಶಕರು ಆತನನ್ನು ಆಕೆಯ ಹಿಂಬಾಲಕನೆನ್ನುತ್ತಿದ್ದರೆ? ಹಾಗೆನ್ನುತ್ತಿರಲಿಲ್ಲವೆಂಬುದು ಅವರಿಗೂ ಗೊತ್ತು. ಗಂಡಸೂ ಹೆಂಗಸೂ ಒಂದೇ ಬಗೆಯ ಕೆಲಸವನ್ನು ಮಾಡಿದರೆ, ಹೇಳಿಕೊಟ್ಟವನು ಅವನು, ಕಲಿತವಳು ಅವಳು ಎಂದು ವಿಚಾರಿಸದೆಯೇ ತೀರ್ಮಾನಿಸುವ ಅಭ್ಯಾಸವು ಆ ದೇಶದ ವಿಮರ್ಶೆಯಲ್ಲಿ ಬೇರೂರಿತ್ತು. ತನ್ನನ್ನು ಶಿಲ್ಪಿಯೆಂದಷ್ಟೇ ಕರೆಯಬೇಕು, ಸ್ತ್ರೀತ್ವವನ್ನು ಸೂಚಿಸುವ ಪ್ರತ್ಯಯವನ್ನು ಆ ಶಬ್ದಕ್ಕೆ ಅಂಟಿಸಕೂಡದು ಎಂದು ಹೆಪ್‌ವರ್ತಳು ಪಟ್ಟುಹಿಡಿದುದಕ್ಕೆ ಕಾರಣವು ಇಲ್ಲಿದೆ. ಶಬ್ದದ ತುದಿಯಲ್ಲಿ ಒಂದು ಪ್ರತ್ಯಯವು ಸೇರಿದರೆ ಅರ್ಥವೆಷ್ಟು ಕುಗ್ಗುವುದೆಂಬುದನ್ನು ವ್ಯಾಕರಣ ಬಲ್ಲವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನೂ ತೂಕಕ್ಕೆ ಹಾಕತಕ್ಕದ್ದು. 1934ರಲ್ಲಿ ಆಕೆಗೆ ಒಂದೇ ಹೆರಿಗೆಯಲ್ಲಿ ಮೂವರು ಮಕ್ಕಳು ಹುಟ್ಟಿದರು. 1939ರ ಆಗಸ್ಟಿನಲ್ಲಿ, ಯುದ್ಧದ ಹೊಸ್ತಿಲಲ್ಲಿ, ಅವರನ್ನು ಕರೆದುಕೊಂಡು ಕಾರ್ನ್‌ವಾಲಿಗೆ ಹೋದಳು. ಮೊದಲ ಕೆಲವು ವರ್ಷ ಹಗಲೆಲ್ಲ ಮಕ್ಕಳ ಪಾಲನೆ, ತೋಟದ ಕೆಲಸ. ರಾತ್ರಿ ಮಾತ್ರ ಚಿತ್ರ ಬರೆಯಲು ಬಿಡುವು. ದೊಡ್ಡ ಕಲ್ಲನ್ನು ಮುಟ್ಟಲು ಸ್ಥಳವೂ ಇಲ್ಲ, ಸಮಯವೂ ಇಲ್ಲ. ಅದೇ ವರ್ಷಗಳಲ್ಲಿ ಮೂರ್‌ನ ಚಿತ್ರಗಳನ್ನು ಸರಕಾರದ ಸಮಿತಿಯು ಕೊಂಡು ಪ್ರದರ್ಶಿಸುತ್ತಿತ್ತು. ಇದು ಮೂರ್‌ನ ತಪ್ಪಲ್ಲ. ಆತನು ಪಡೆದುದು ಆತನ ಯೋಗ್ಯತೆಯಿಂದಲೇ. ಆದರೆ ಓಟದಲ್ಲಿ ಒಬ್ಬಳ ಹೆಗಲ ಮೇಲೆ ಮೂರು ಮಕ್ಕಳನ್ನು ಕೂರಿಸಿ, ಆಕೆಯು ಹಿಂದೆ ಬಂದಳೆಂಬುದರಿಂದ ಆಕೆಯ ಕಾಲು ದುರ್ಬಲವೆಂದು ತೀರ್ಪು ಕೊಡುವವರನ್ನು ಏನೆನ್ನಬೇಕು?

ಇಲ್ಲಿ ಒಂದು ಆಕ್ಷೇಪವು ಏಳಬಹುದು. “ಇಬ್ಬರಲ್ಲಿಯೂ ಸ್ಪರ್ಧೆ ಇದ್ದುದು ನಿಜವಲ್ಲವೆ? ಸ್ಪರ್ಧೆ ಇದ್ದಲ್ಲಿ ಸೋಲುಗೆಲವುಗಳೂ ಇರಬೇಕಲ್ಲವೆ?” ಸ್ಪರ್ಧೆ ಇತ್ತೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಒಂದೇ ದೇಶದಲ್ಲಿ, ಒಂದೇ ತಲೆಮಾರಿನಲ್ಲಿ, ಒಂದೇ ಕಸಬಿನ ಇಬ್ಬರು ಸಮರ್ಥರಿಗೆ ಅದಿಲ್ಲದಿದ್ದರೆ ಅವರು ಮನುಷ್ಯರೇ ಅಲ್ಲ. ಪ್ಯಾರಿಸ್ಸಿನಲ್ಲಿ ಯುನೆಸ್ಕೋ ಭವನದ ಮುಂದೆ 1958ರಲ್ಲಿ ಮೂರ್‌ನ ಒರಗಿದ ಮೂರ್ತಿಯು ನೆಲಸಿತು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಭವನದ ಮುಂದೆ 1964ರಲ್ಲಿ ಹೆಪ್‌ವರ್ತಳ ‘ಏಕರೂಪ’ವೆಂಬ ಕಂಚಿನ ಶಿಲ್ಪವು, 1961ರಲ್ಲಿ ವಿಮಾನಾಪಘಾತದಲ್ಲಿ ಮಡಿದ ಡಾಗ್ ಹ್ಯಾಮರ್‌ಷೋಲ್ಡನ ಸ್ಮಾರಕವಾಗಿ, ಇಪ್ಪತ್ತೊಂದು ಅಡಿ ಎತ್ತರಕ್ಕೆ ಎದ್ದು ನಿಂತಿತು. 1968ರಲ್ಲಿ ಲಂಡನ್ನಿನ ಟೇಟ್ ಕಲಾಮಂದಿರವು ವಸಂತದಲ್ಲಿ ಆಕೆಯ, ಬೇಸಗೆಯಲ್ಲಿ ಆತನ ಸಮಗ್ರ ಪ್ರದರ್ಶನಗಳನ್ನು ಏರ್ಪಡಿಸಿತು. ಈ ಸ್ಪರ್ಧೆಯಿಂದ ಲೋಕಕ್ಕೆ ದೊರೆತುದು ಲಾಭವೇ ಹೊರತು ನಷ್ಟವಲ್ಲ. ಸ್ಪರ್ಧಿಗಳಿಬ್ಬರೂ ಗೆಲ್ಲತಕ್ಕ ಆಟವು ಕಲೆಯಲ್ಲಿ ಉಂಟು. ಅದು ಕಾಣದವರು ಕುಸ್ತಿಯ ಕಣದ ಲೆಕ್ಕವನ್ನು ಶಿಲ್ಪಶಾಲೆಗೆ ತಂದವರು.

“ಹಾಗಾದರೆ ಇಸವಿಗಳನ್ನು ಹುಡುಕುವುದೇ ವ್ಯರ್ಥವೆ?” ಎಂದರೆ, ವ್ಯರ್ಥವಲ್ಲ. ಇತಿಹಾಸಕ್ಕೆ ಇಸವಿ ಬೇಕು. ಹೆಪ್‌ವರ್ತಳ ಆ ಶಿಲ್ಪವು 1932ರದೆಂಬುದನ್ನು ಯಾರೂ ಮರೆಮಾಡಕೂಡದು. ಮರೆಮಾಡಿದ್ದರಿಂದಲೇ ಆಕೆಗೆ ಅನ್ಯಾಯವಾಯಿತು. ಆದರೆ ಇಸವಿಯು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಅದು ಅಪವಾದವನ್ನು ನಿವಾರಿಸಬಲ್ಲುದು. ಕೃತಿಯ ಗುಣವನ್ನು ನಿರ್ಣಯಿಸಲಾರದು.

ಗುಣನಿರ್ಣಯಕ್ಕೆ ಎರಡು ಚರ್ಚುಗಳಿಗೆ ಹೋಗಿ ಬಂದರೆ ಸಾಕು. ನಾರ್ದಾಂಪ್ಟನ್ ನಗರದ ಸೇಂಟ್ ಮ್ಯಾಥ್ಯೂ ಚರ್ಚಿಗಾಗಿ ಮೂರ್‌ನು 1943 ಮತ್ತು 1944ರಲ್ಲಿ ತಾಯಿಯೂ ಶಿಶುವೂ ಕೂಡಿದ ಮೇರಿಮಾತೆಯ ಮೂರ್ತಿಯನ್ನು ಕಂದುಬಣ್ಣದ ಹಾರ್ನ್‌ಟನ್ ಶಿಲೆಯಲ್ಲಿ ಕೆತ್ತಿದನು. ಆಕೆಯು ಬೆಟ್ಟದಂತೆ ಕುಳಿತಿದ್ದಾಳೆ. ಮಗುವು ಆ ಬೆಟ್ಟದ ಮಡಿಲಲ್ಲಿ ನಿರ್ಭಯವಾಗಿದೆ. ನಾಡೆಲ್ಲ ಯುದ್ಧದಲ್ಲಿ ಬೇಯುತ್ತಿದ್ದಾಗ ಜನರಿಗೆ ಬೇಕಾದ ಅಭಯವು ಅದರಲ್ಲಿ ದೊರೆಯಿತು. ಹೆಪ್‌ವರ್ತಳ ಹಿರಿಯ ಮಗನು ವಿಮಾನದಳದಲ್ಲಿದ್ದು 1953ರಲ್ಲಿ ಥಾಯ್ಲೆಂಡಿನ ಮೇಲೆ ವಿಮಾನವು ಬಿದ್ದು ತೀರಿಹೋದನು. ಮರುವರ್ಷ ಆಕೆಯು ಸೇಂಟ್ ಐವ್ಸ್ ಊರಿನ ಚರ್ಚಿನಲ್ಲಿ ಅವನ ನೆನಪಿಗಾಗಿ ಬಿಳಿಯ ಕಲ್ಲಿನಲ್ಲಿ ಅದೇ ತಾಯಿಯನ್ನೂ ಶಿಶುವನ್ನೂ ಕೆತ್ತಿ ಇರಿಸಿದಳು. ಅಮೂರ್ತ ರೂಪಗಳಿಗೆ ಹೆಸರಾದ ಆ ಕೈಯು ಇಲ್ಲಿ ತಾಯಿಗೆ ಮುಖವನ್ನು ಕೊಟ್ಟಿದೆ, ಮಗುವಿಗೆ ಮೈಯನ್ನು ಕೊಟ್ಟಿದೆ.

ವಿಷಯವೊಂದೇ, ಕಸಬೊಂದೇ, ಇಬ್ಬರೂ ಯಾರ್ಕ್‌ಷೈರಿನವರು. ಹತ್ತು ವರ್ಷ ಮುಂಚಿತವಾದುದು ಮೂರ್‌ನ ಕೃತಿ. ಇನ್ನು ಆ ಪಂಡಿತರು ಸೇಂಟ್ ಐವ್ಸಿನ ಆ ತಾಯಿಯ ಮುಂದೆ ನಿಂತು, ಇದು ನಾರ್ದಾಂಪ್ಟನ್ನಿನ ತಾಯಿಯ ಅನುಕರಣವೆಂದು ಹೇಳಿಯಾರೆ? ಹೇಳಲಾರರಾದರೆ, ‘ಅನುಯಾಯಿನಿ’ ಎಂಬ ಪದವನ್ನು ಆಕೆಯ ಹೆಸರಿನ ಬಳಿಯಿಂದಲೂ, ‘ಅಪಹಾರಿ’ ಎಂಬ ಪದವನ್ನು ಆತನ ಹೆಸರಿನ ಬಳಿಯಿಂದಲೂ ತಮ್ಮ ಪುಸ್ತಕಗಳಲ್ಲಿ ಹೊಡೆದುಹಾಕಲಿ. ಉಳಿದುದನ್ನು ಕಲ್ಲುಗಳೇ ನೋಡುವವರಿಗೆ ತಿಳಿಸುವುವು.